ಊರು ಬಿಟ್ಟರೆ ಬಾಯಿ ಬಿಡದ ಲ್ಯಾಪ್‌ಟಾಪ್

ಮನುಷ್ಯನಿಗೆ ವೈರಿಗಳು ಹುಟ್ಟುವುದು ಕಚೇರಿಯಲ್ಲೋ ಮನೆಯಲ್ಲೋ ಎಂಬುದು ಬಹಳ ಹಳೆಯ ಚರ್ಚೆ. ನನ್ನ ಮಟ್ಟಿಗೆ ಅದು ಈಚೆಗೆ ಇತ್ಯರ್ಥವಾಯಿತು. ಕಚೇರಿಯ ವೈರಿ ಎದುರಿನಿಂದ ಬರುತ್ತಾನೆ. ನೋಡಿ ಪಕ್ಕಕ್ಕೆ ಸರಿಯಬಹುದು. ಮನೆಯ ವೈರಿ “ಇನ್ನೊಂದು ರೊಟ್ಟಿ ಹಾಕ್ಲೇನ್ರೀ?” ಎಂದು ಕೇಳುತ್ತ ಹಿಂದಿನಿಂದ ಬರುತ್ತಾಳೆ. ರೊಟ್ಟಿ ಬೇಕೆಂದು ತಲೆ ಆಡಿಸಿದಿರೋ, ಕೆಟ್ಟಿರಿ.

ಕಲಬುರಗಿಯ ಖೂಬಾ ಪ್ಲಾಟಿನ ನನ್ನ ಮನೆಗೂ ಕಮಲಾಪುರದ ನನ್ನ ಕಚೇರಿಗೂ ನಡುವಿನ ರಸ್ತೆಯನ್ನು ನಾನು ಮದುವೆಯಾದ ವರ್ಷದಿಂದ ಬಸ್ಸಿನಲ್ಲಿ ಅಳೆಯುತ್ತಿದ್ದೇನೆ. ಬೆಳಗ್ಗೆ ಬೀದರ್ ಬಸ್ಸು, ಸಂಜೆ ಕಲಬುರಗಿ ಬಸ್ಸು. ಆ ರಸ್ತೆಯ ಒಂದೊಂದು ತಗ್ಗಿಗೂ ನನ್ನ ಬೆನ್ನುಮೂಳೆಯ ಖಾಸಾ ಪರಿಚಯವಿದೆ. (ರಸ್ತೆ ಈಗ ಸುಧಾರಿಸಿದೆ ಎನ್ನುತ್ತಾರೆ. ಬೆನ್ನು ಸುಧಾರಿಸಿಲ್ಲ.)

ಕಚೇರಿ ಎಂದೆನಲ್ಲ, ಅದೊಂದು ಬಾಳೆ ಬೆಳೆಗಾರರ ಪುಟ್ಟ ಸಂಘ. ಹೆಸರು ಬೇಡ, ಸಂಘದವರಲ್ಲಿ ಓದುಬರಹ ಬಲ್ಲವರೂ ಒಬ್ಬಿಬ್ಬರು ಇದ್ದಾರೆ. ಅಲ್ಲಿ ನಾನು ಗುಮಾಸ್ತ. ಇನ್ನೊಬ್ಬ ಗುಮಾಸ್ತ ಇಮಾಮುದ್ದೀನ್. ಕಲಬುರಗಿಯದೇ ಮೋಮಿನಪುರದವನು, ನನ್ನ ಜೊತೆಗೇ ದಿನಾ ಬಸ್ಸಿಗೆ ಜೋತುಬೀಳುವವನು. ನಮ್ಮಿಬ್ಬರ ಮೇಲೆ ಅಧ್ಯಕ್ಷ ನಾಗಣ್ಣ ಧಣಿ. ಧಣಿಗಳ ಮೇಲೆ ಫ್ಯಾನು. ಫ್ಯಾನಿನ ಗಾಳಿ ಧಣಿಗಳನ್ನು ದಾಟಿ ನಮ್ಮ ತನಕ ಬಂದ ದಾಖಲೆ ಇಲ್ಲ.

ಒಂದು ದಿನ ಧಣಿ ನಮ್ಮಿಬ್ಬರನ್ನೂ ಕರೆದು ಹೇಳಿದರು:

“ನೋಡ್ರಿ, ಕೋಟನೂರದಾಗ ಸಂಘದ್ದೊಂದು ಮಾರಾಟದ ಆಫೀಸು ತೆಗೀಲಾಕತ್ತೀವಿ. ನಿಮ್ಮಿಬ್ಬರೊಳಗ ಒಬ್ಬರನ್ನ ಅಲ್ಲಿ ಕೂಡಿಸ್ತೀನಿ. ಅಲ್ಲಿ ಎಲ್ಲಾ ಕಂಪ್ಯೂಟರಿನ ಮ್ಯಾಲೇ ನಡೀಬೇಕು. ಯಾರು ಕಲೀತೀರಿ, ಖುರ್ಚಿ ಅವರದು.”

ಇಮಾಮುದ್ದೀನ್ ತಕ್ಷಣ ಕೈ ಮುಗಿದ. “ನನ್ನ ಕೈಲಿ ಆಗಂಗಿಲ್ಲ ಧಣೇರ. ಟಿವಿ ನೋಡಿದ್ರನೇ ನನ್ನ ಕಣ್ಣಾಗ ನೀರು ಬರ್ತಾವ. ಮಾದೇವಣ್ಣ ಕಲೀಲಿ.”

ನಾನು ಒಂದು ಹೆಜ್ಜೆ ಮುಂದೆ ಬಂದೆ. ಆ ಹೆಜ್ಜೆಯಲ್ಲಿ ಎಂಥ ಗಾಂಭೀರ್ಯವಿತ್ತೆಂದರೆ ಮೇಜಿನ ಕಾಲು ತಾಗಿ ಕಿರುಬೆರಳು ಊದಿಕೊಂಡಿತು.

ಕೋಟನೂರ ಎಂದರೆ ಕಲಬುರಗಿಯ ಅಂಚು. ನನ್ನ ಮನೆಯಿಂದ ಸ್ಕೂಟರಿನಲ್ಲಿ ಎರಡು ಹಾಡು ಗುನುಗುವಷ್ಟು ದೂರ. ಬಸ್ಸಿಲ್ಲ, ಬೆವರಿಲ್ಲ, ಪಕ್ಕದವನ ಭುಜದ ಮೇಲೆ ನಿದ್ದೆ ಮಾಡಿ ಬೈಸಿಕೊಳ್ಳುವುದಿಲ್ಲ. ಮಧ್ಯಾಹ್ನ ಮನೆಗೆ ಬಂದು ಹಂಚಿನಿಂದ ಈಗಷ್ಟೇ ಇಳಿದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೊಂದು ನಿದ್ದೆ. ಇಂದ್ರನಿಗೆ ಐರಾವತವಿರಬಹುದು, ಆದರೆ ಮಧ್ಯಾಹ್ನ ಅದರ ಮೇಲೆ ಮಲಗಲು ಬರುತ್ತಿರಲಿಲ್ಲ. ಕೋಟನೂರದ ಖುರ್ಚಿ ಇಂದ್ರಪದವಿಗಿಂತ ಒಂದು ಕೈ ಮೇಲು.

ಸಂಘದ ಸಭೆಯಲ್ಲಿ “ಬಜೆಟ್ ಲ್ಯಾಪ್‌ಟಾಪ್” ಒಂದನ್ನು ಕೊಳ್ಳಲು ಠರಾವಾಯಿತು. ಸಂಘದ ಬಜೆಟ್ ಬರೆಯಲು ಬೇಕಾದದ್ದು ಬಜೆಟ್ ಲ್ಯಾಪ್‌ಟಾಪೇ ಎಂಬುದರಲ್ಲಿ ನಮಗಾರಿಗೂ ಅನುಮಾನವಿರಲಿಲ್ಲ. ಇಮಾಮುದ್ದೀನ್ ತನಗೆ ಗುರುತಿದ್ದ ತನ್ವೀರ್ ಎಂಬವನ ಅಂಗಡಿಗೆ ನನ್ನನ್ನು ಕರೆದೊಯ್ದ.

“ಬಜೆಟ್ ಲ್ಯಾಪ್‌ಟಾಪೇ ಬೇಕೇನ್ ಸಾಬ್?” ಎಂದು ತನ್ವೀರ್ ಕೇಳಿದ.

“ಹೌದಪಾ. ಆದ್ರ ಬಜೆಟ್ ಒಂದೇ ಅಲ್ಲ, ವಾರ್ಷಿಕ ವರದೀನೂ ಅದರಾಗೇ ಬರೀಬೇಕು. ನಡೀತದಲ್ಲ?”

ತನ್ವೀರ್ ನನ್ನನ್ನೊಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ. ಹಿರಿಯರೆಂದರೆ ಈಗಿನವರಿಗೂ ಎಷ್ಟು ಗೌರವ ಎಂದುಕೊಂಡೆ.

“ನಡೀತದ ಸಾಬ್. ಮನಿಗೊಯ್ದು ಶುರು ಮಾಡ್ರಿ. ಅದೇ ಒಂದೊಂದು ಕೇಳ್ತದ, ನೀವು ಹೇಳ್ಕೋತ ಹೋಗ್ರಿ. ನಡುವ ಪಿನ್ ಕೇಳ್ತದ. ಅದನ್ನ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ.”

ಸೋಮವಾರ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಪ್ರತಿಷ್ಠಾಪನೆ ನಡೆಯಿತು. ನನ್ನ ಹೆಂಡತಿ ಶಾರದಾಬಾಯಿ ಅದರ ಮುಚ್ಚಳಕ್ಕೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ತೆಂಗಿನಕಾಯಿ ಕೈಗೆತ್ತಿಕೊಂಡಳು.

“ಕಾಯಿ ಎದರ ಮ್ಯಾಲ ಒಡೀಲಿ?”

“ಹೊರಗ ಕಲ್ಲಿನ ಮ್ಯಾಲ ಒಡಿ! ಇದೇನು ಟ್ರ್ಯಾಕ್ಟರೇನು?”

“ಟ್ರ್ಯಾಕ್ಟರ್ ಇದ್ದಿದ್ರ ಛಲೋ ಇತ್ತು. ನೀವು ಹೊಲದಾಗ ಇರ್ತಿದ್ರಿ,” ಎಂದಳು. ನಾನು ಅದನ್ನು ತಮಾಷೆ ಎಂದು ತಿಳಿದು ನಕ್ಕೆ.

ಗುಂಡಿ ಒತ್ತಿದೆ. ಪರದೆ ಬೆಳಗಿತು. ಮೊದಲ ಪ್ರಶ್ನೆ: ಯಾವ ದೇಶ? ಭಾರತ, ಎಂದೆ ಎದೆಯುಬ್ಬಿಸಿ. ಆಮೇಲೆ ಯಾವ ಕೀಲಿಮಣೆ, ಯಾವ ನೆಟ್ಟು, ಏನು ಹೆಸರು ಎಂದೆಲ್ಲ ವಿಚಾರಿಸಿತು. ಹೆಣ್ಣು ಕೊಡುವವರೂ ನನ್ನನ್ನು ಇಷ್ಟು ವಿಚಾರಿಸಿರಲಿಲ್ಲ. (ವಿಚಾರಿಸಿದ್ದರೆ ಇಬ್ಬರಿಗೂ ಒಳ್ಳೆಯದಾಗುತ್ತಿತ್ತು ಎಂದು ಶಾರದಾ ಹೇಳುತ್ತಾಳೆ.) ನಡುವೆ “ಸ್ವಲ್ಪ ಹೊತ್ತು ಹಿಡಿಯಬಹುದು, ಆರಿಸಬೇಡಿ” ಎಂದು ಹೇಳಿ ಒಂದು ಚಕ್ರವನ್ನು ತಿರುಗಿಸುತ್ತ ಕೂತಿತು. ಗಾಣದ ಎತ್ತಾದರೂ ಇಷ್ಟು ಸುತ್ತಿಗೆ ಒಂದು ಸೇರು ಎಣ್ಣೆ ಕೊಡುತ್ತಿತ್ತು. ಇದು ಚಕ್ರ ಮುಗಿಸಿ ಇನ್ನೊಂದು ಚಕ್ರ ಕೊಟ್ಟಿತು. ಬಜೆಟ್ ಎಂಬ ಶಬ್ದಕ್ಕೆ ಇನ್ನೊಂದು ಅರ್ಥವೂ ಇದ್ದೀತೆಂದು ನನಗೆ ಹೊಳೆದದ್ದು ಆಗ.

ಕಡೆಗೆ ಕೇಳಿತು: ಪಿನ್!

“ಶಾರದಾ, ಪಿನ್ ಕೇಳ್ಲಾಕತ್ತದ!”

“ಎಂಥಾ ಪಿನ್ನ ಬೇಕ್ರೀ?” ಎಂದು ಅಡಿಗೆಮನೆಯಿಂದ ಕೂಗಿದಳು. “ಸೀರಿದು ದೊಡ್ಡದದ. ಬಳಿಯಾಗ ಸಣ್ಣದೊಂದದ, ಜಂಗ ಹಿಡದದ.”

ಹೆಂಗಸರ ಲೋಕ ಎಷ್ಟು ಸಣ್ಣದು ಎಂದು ಮರುಗಿದೆ. ನಾನು ವಿಚಾರವಂತ; ವಿಚಾರ ಮಾಡಿದೆ. ದೇಶ ಕೇಳಿದವರು ಮುಂದೆ ಊರು ಕೇಳಲೇಬೇಕು. ಊರಿಗೆ ಒಂದು ಪಿನ್ ಕೋಡ್ ಇರುತ್ತದೆ. ಹೀಗಾಗಿ ಅದು ಕೇಳುತ್ತಿರುವುದು ಖೂಬಾ ಪ್ಲಾಟಿನ ಪಿನ್ ಕೋಡನ್ನು. ಹಾಕಿದೆ. ಇನ್ನೊಮ್ಮೆ ಹಾಕು ಎಂದಿತು. ಹಾಕಿದೆ. ಒಪ್ಪಿಕೊಂಡಿತು! ನನ್ನ ತರ್ಕದಲ್ಲಿ ಲೋಪವಿದ್ದರೆ ತೋರಿಸಿ.

ಒಂದೇ ಒಂದು ಸಂಶಯ ಉಳಿಯಿತು. ಪ್ರತಿ ಪೋಸ್ಟ್‌ಮ್ಯಾನನಿಗೆ ಗೊತ್ತಿರುವ, ಪ್ರತಿ ಲಗ್ನಪತ್ರಿಕೆಯ ಮೇಲೆ ಅಚ್ಚಾಗುವ ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ ಎಂದನಲ್ಲ ತನ್ವೀರ್, ಯಾಕೆ? ಇರಲಿ, ದೊಡ್ಡ ಕಂಪನಿಗಳ ದೊಡ್ಡ ನಾಟಕ ಎಂದುಕೊಂಡು ಆ ರಹಸ್ಯವನ್ನು ಎದೆಯಲ್ಲಿ ಹೂಳಿದೆ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಬಹಳ ವಿನಯದಿಂದ ಇನ್ನೊಂದು ಪ್ರಶ್ನೆ ಕೇಳಿತು: ನೀವು ಎಲ್ಲಿದ್ದೀರಿ ಎಂಬುದನ್ನು ನಾನು ತಿಳಿದುಕೊಳ್ಳಬಹುದೇ? ನನ್ನ ಕಣ್ಣು ತೇವವಾಯಿತು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, “ಎಲ್ಲಿದ್ದೀರಿ?” ಎಂಬ ಪ್ರಶ್ನೆಯನ್ನು ಅಪ್ಪಣೆ ಪಡೆದು ಯಾರೂ ಕೇಳಿರಲಿಲ್ಲ. ಅಗತ್ಯವಾಗಿ ತಿಳಿದುಕೊ, ಎಂದು ಒತ್ತಿದೆ. ಅಂದರೆ ನಾನು ಎಲ್ಲಿದ್ದರೂ ಅದಕ್ಕೆ ಗೊತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ಸರ್ವನಾಶದ ಬುನಾದಿಗಲ್ಲು ಇದೇ.

ಎಲ್ಲ ಮುಗಿದ ಮೇಲೆ ಶಾರದಾಳನ್ನು ಕರೆದು ಶುಭವಾರ್ತೆ ತಿಳಿಸಿದೆ.

“ಇನ್ನ ಬಸ್ಸಿನ ತ್ರಾಸ ಮುಗೀತು ತಿಳ್ಕೊ. ಸಂಘದ ಸಮಿತಿ ಮುಂದ ಇದರಾಗ ವರದಿ ತೋರಿಸಿದ್ರ ಕೋಟನೂರದ ಖುರ್ಚಿ ನಂದೇ. ಮಧ್ಯಾಹ್ನ ಊಟಕ್ಕ ಮನಿಗೇ ಬರ್ತೀನಿ.”

“ಮಧ್ಯಾಹ್ನನೇ?”

“ಮಧ್ಯಾಹ್ನನೇ.”

“ದಿನಾ?”

“ದಿನಾ! ಸಂಜೀಗೂ ಬಿಸಲು ಇಳಿಯೋದ್ರಾಗ ಬಂದುಬಿಡ್ತೀನಿ.”

“ಶನಿವಾರ?”

“ಅರ್ಧ ದಿನ. ಉಳಿದಿದ್ದೆಲ್ಲಾ ಮನ್ಯಾಗೇ.”

ಶಾರದಾ ಗೋಡೆ ಹಿಡಿದು ಮೆಲ್ಲಗೆ ಕೂತಳು. ಆನಂದವನ್ನು ತಡೆದುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ಮರುದಿನ ಕಮಲಾಪುರದಲ್ಲಿ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತೆರೆದೆ. ಧಣಿ ಮತ್ತು ಇಮಾಮುದ್ದೀನ್ ಎರಡೂ ಬದಿಗೆ ದ್ವಾರಪಾಲಕರಂತೆ ನಿಂತರು. ಪರದೆ ಪಿನ್ ಕೇಳಿತು. ನಿನ್ನೆ ಖೂಬಾ ಪ್ಲಾಟಿನಲ್ಲಿದ್ದೆವು, ಖೂಬಾ ಪ್ಲಾಟಿನದು ಹಾಕಿದೆವು. ಇಂದು ಕಮಲಾಪುರದಲ್ಲಿದ್ದೇವೆ, ಇದು ಅದಕ್ಕೂ ಗೊತ್ತು, ಏಕೆಂದರೆ ತಿಳಿದುಕೊಳ್ಳಲು ನಾನೇ ಅಪ್ಪಣೆ ಕೊಟ್ಟಿದ್ದೇನೆ. ಹೆಗಲ ಮೇಲಿನ ಟವೆಲನ್ನು ಕೈಯ ಮೇಲೆ ಹೊದೆದುಕೊಂಡು, ರಹಸ್ಯವನ್ನು ಕಾಪಾಡಿಕೊಂಡು, ಕಮಲಾಪುರದ ಪಿನ್ ಕೋಡ್ ಹಾಕಿದೆ.

ತಪ್ಪು, ಎಂದಿತು.

ಇನ್ನೊಮ್ಮೆ ಹಾಕಿದೆ. ತಪ್ಪು.

“ಮಾದೇವಪ್ಪಾ, ಟವೆಲ್ ಬುಡಕ ಏನ್ ನಡದದ?” ಎಂದರು ಧಣಿ. “ದಲಾಲರು ಎತ್ತಿನ ಯಾಪಾರ ಮಾಡ್ದಂಗ ಬೆರಳು ಆಡಸ್ಲಾಕತ್ತೀದಿ?”

“ಇದು ಗುಪ್ತ ಇರಬೇಕಾಗ್ತದ ಧಣೇರ.”

“ಯಾಪಾರ ಕುದೀರ್ತೇನು ಮತ್ತ?”

ಕುದುರಲಿಲ್ಲ. ನಾಲ್ಕಾರು ಸಲ ತಪ್ಪಾದ ಮೇಲೆ ಲ್ಯಾಪ್‌ಟಾಪ್ ನನಗೊಂದು ಶಿಕ್ಷೆ ಕೊಟ್ಟಿತು: ಮುಂದುವರಿಯಬೇಕಾದರೆ ಎ ಒಂದು ಬಿ ಎರಡು ಸಿ ಮೂರು ಎಂದು ಬರಿ. ನಾನು ಬಿ.ಕಾಂ. ಪದವೀಧರ. ತಲೆಯಲ್ಲಿ ಕರಿಕೂದಲಿಗಿಂತ ಬಿಳಿಯದು ಹೆಚ್ಚಿರುವ ಮನುಷ್ಯ. ಧಣಿಗಳ ಎದುರಿಗೆ, ಟವೆಲಿನ ಕೆಳಗೆ, ಬಾಲವಾಡಿಯ ಮಗುವಿನಂತೆ ಅಕ್ಷರವನ್ನೂ ಅಂಕಿಯನ್ನೂ ತಿದ್ದಿದೆ. ಅದನ್ನು ಸರಿ ಎಂದಿತು. ಪಿನ್ನನ್ನು ಮಾತ್ರ ಮತ್ತೆ ತಪ್ಪು ಎಂದಿತು.

ಬಿಡುವ ಕುಳ ನಾನಲ್ಲ. ಬಿಸಿಲಿನಲ್ಲಿ ಅಂಚೆ ಕಚೇರಿಗೆ ಹೋಗಿ ಕೇಳಿದೆ: “ನಮ್ಮೂರ ಪಿನ್ ಕೋಡ್ ಏನರ ಬದಲಾಗ್ಯಾದೇನ್ರಿ?”

ಕೌಂಟರಿನಲ್ಲಿದ್ದವರು ಸ್ಟಾಂಪಿನಿಂದ ತಲೆ ಎತ್ತದೆ ಸಂಖ್ಯೆ ಹೇಳಿದರು. ನನ್ನದೇ ಸಂಖ್ಯೆ.

“ಖರೇನ?”

“ನಾ ಸುಳ್ಳು ಹೇಳಿದ್ರ ನಿಮ್ಮ ಕಾಗದ ಎಲ್ಲಿಗಿ ಹೋಗ್ತಿದ್ವು?” ಎಂದರು.

ವಿಜಯೋತ್ಸಾಹದಿಂದ ಮರಳಿ ಬಂದೆ. ಸಾಕ್ಷಾತ್ ಅಂಚೆ ಇಲಾಖೆಯೇ ಸರಿ ಎಂದ ಮೇಲೆ ತಪ್ಪು ಎನ್ನಲು ಈ ಡಬ್ಬಿ ಯಾರು? ಆದರೆ ಡಬ್ಬಿ ತನ್ನ ಮಾತು ಬಿಡಲಿಲ್ಲ. ಬಹುಶಃ ಅದಕ್ಕೆ ಜಾಗದ ಅಂದಾಜು ಒಂದೆರಡು ಮೈಲಿ ಆಚೀಚೆ ಆಗಿರಬೇಕೆಂದು ಸುತ್ತಲಿನ ಹಳ್ಳಿಗಳ ಪಿನ್ ಕೋಡುಗಳನ್ನೆಲ್ಲ ಹಾಕಿ ನೋಡಿದೆ. ಎ ಒಂದು ಬಿ ಎರಡು ಸಿ ಮೂರು ಬರೆದು ಬರೆದು ಬೆರಳು ಸವೆಯಿತು.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ತೆರೆದೆ. ಖೂಬಾ ಪ್ಲಾಟಿನ ಪಿನ್ ಕೋಡ್ ಹಾಕಿದೆ. ತವರಿಗೆ ಬಂದ ಮಗಳಂತೆ ಫಳ್ಳನೆ ನಕ್ಕು ತೆರೆದುಕೊಂಡಿತು!

“ಶಾರದಾ, ಏನ್ ವಿಚಿತ್ರ ನೋಡು. ಕಮಲಾಪುರದಾಗ ಕಮಲಾಪುರದ ಪಿನ್ ಕೋಡ್ ಹಾಕಿದ್ರ ತೆರೀಲಿಲ್ಲ. ಇಲ್ಲಿ ಇಲ್ಲೀದು ಹಾಕಿದ್ರ ತೆರೀತು!”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಶಾರದಾ ನನ್ನ ಕಡೆ ತಿರುಗಿದಳು. ಬಾಯಿ ತೆರೆದಳು. ಏನೋ ಹೇಳುವವಳಿದ್ದಳು. ಆಮೇಲೆ ಬಾಯಿ ಮುಚ್ಚಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಬಹಳ ಹೊತ್ತು ಕೆಮ್ಮುವ ಸದ್ದು ಕೇಳಿಸಿತು. ಒಗ್ಗರಣೆಯ ಘಾಟು.

(ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.)

ಹೊರಬಂದು ಗಂಭೀರವಾಗಿ ಕೇಳಿದಳು: “ಅಲ್ಲಿಯ ಕರೆಂಟಿನ ದೋಷ ಇರಬೇಕೇನ್ರೀ?”

ನನ್ನ ಮನಸ್ಸಿಗೆ ಬಂದದ್ದೂ ಅದೇ. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ ನಾವಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದೆವು.

ಮುಂದಿನ ದಿನಗಳಲ್ಲಿ ನನ್ನ ಬದುಕು ಎರಡು ಹೋಳಾಯಿತು. ಸಂಜೆ ಮನೆಯಲ್ಲಿ ಅದು ಬಂಗಾರದಂಥ ಲ್ಯಾಪ್‌ಟಾಪ್. ಒಂದೊಂದೇ ಅಕ್ಷರವನ್ನು ಹುಡುಕಿ ಕುಟ್ಟಿ ವಾರ್ಷಿಕ ವರದಿಯನ್ನು ಪೂರ್ತಿ ಮಾಡಿದೆ. ಕೆಂಪು ಬಾಳೆಯ ಬಗ್ಗೆ ಒಂದು ಪುಟ ಬರೆದೆನಲ್ಲ, ಓದಿದರೆ ಬಾಳೆಗೇ ಇನ್ನಷ್ಟು ಕೆಂಪೇರಬೇಕು. ಬೆಳಗ್ಗೆ ಕಮಲಾಪುರದಲ್ಲಿ ಅದೇ ಲ್ಯಾಪ್‌ಟಾಪ್ ಹಲ್ಲು ಕಚ್ಚಿಕೊಂಡು ಕೂರುತ್ತಿತ್ತು. ವರದಿಯನ್ನು ಕಾಗದದ ಮೇಲೆ ಇಳಿಸಿಕೊಂಡು ಬರಲೇ ಎಂದು ಧಣಿಗಳನ್ನು ಕೇಳಿದೆ.

“ಕಾಗದ ನೋಡೋದಿದ್ರ ಲ್ಯಾಪ್‌ಟಾಪ್ ಯಾಕ ತಂದ್ವಿ? ಸಮಿತಿಯವರು ಅದರಾಗೇ ನೋಡ್ಬೇಕಂತಾರ.”

ಇಮಾಮುದ್ದೀನ್ ದೃಷ್ಟಿಯಾಗಿದೆ ಎಂದು ಮುಚ್ಚಳಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಧಣಿ ಅದರ ಮುಖವನ್ನು ಪೂರ್ವಕ್ಕೆ ತಿರುಗಿಸಿದರು. ಪೂರ್ವಕ್ಕೆ ತಿರುಗಿಸಿದಾಗ ನಾನು ಗೋಡೆಗೂ ಮೇಜಿಗೂ ನಡುವೆ ಸಿಕ್ಕಿಕೊಂಡೆ. ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ.

ಆಗ ನನ್ನ ಬುದ್ಧಿಯಲ್ಲಿ ಮಹಾಯೋಜನೆಯೊಂದು ಉದಿಸಿತು. ಕಮಲಾಪುರದಲ್ಲಿ ತೆರೆಯದಿದ್ದರೆ ಬೇಡ. ಕಲಬುರಗಿಯಲ್ಲೇ ತೆರೆದು, ತೆರೆದಂತೆಯೇ ಒಯ್ದರೆ? ಗಾಳಿಯಲ್ಲಿ ದೀಪ ಒಯ್ಯುವಂತೆ!

ಮರುದಿನ ಬೀದರ್ ಬಸ್ಸು ಕಂಡ ದೃಶ್ಯವನ್ನು ಆ ಮಾರ್ಗದ ಇತಿಹಾಸ ಮರೆಯಲಾರದು. ಕೈಯಲ್ಲಿ ಬಾಯಿ ತೆರೆದ ಲ್ಯಾಪ್‌ಟಾಪ್, ಅದು ನಿದ್ದೆ ಹೋಗದಂತೆ ಒಂದೇ ಸಮನೆ ಅದರ ಹೊಟ್ಟೆ ಸವರುತ್ತಿರುವ ಬೆರಳು, ಕಂಕುಳಲ್ಲಿ ಬುತ್ತಿಗಂಟು. ಕಂಡಕ್ಟರ್ ಬಂದು ನೋಡಿದ.

“ಇದಕ್ಕೂ ಟಿಕೇಟ್ ತಗೀಲೇನ್ರಿ ಮಾಲಕರ?”

“ಮುಚ್ಚಲಿಕ್ಕ ಬರಂಗಿಲ್ಲಪಾ, ಸ್ವಲ್ಪ ಜಾಗ ಬಿಡು.”

ಪಕ್ಕದ ಸೀಟಿನ ಮುದುಕಿ ಹಣಕಿ ನೋಡಿದಳು. “ಯಪ್ಪಾ, ಖಾಲಿ ಯಾಕ ಹಿಡ್ಕೊಂಡೀದಿ? ಒಂದು ಸಿನಿಮಾನಾದ್ರೂ ಹಚ್ಚು.”

“ಸಿನಿಮಾ ಅಲ್ಲ ಆಯಿ, ವಾರ್ಷಿಕ ವರದಿ.”

“ಅಯ್ಯ ಶಿವನ, ಯಾರದು?” ಎಂದು ಮರುಕದಿಂದ ಲೊಚಗುಟ್ಟಿದಳು. ಆಸ್ಪತ್ರೆಯ ವರದಿ ಎಂದು ತಿಳಿದಳೋ ಏನೋ, ಎದ್ದು ನನಗೆ ಸೀಟು ಬಿಟ್ಟುಕೊಟ್ಟಳು. ನಾನು ನಾಚಿಕೆ ಬಿಟ್ಟು ಕೂತೆ.

ಬ್ರೇಕು ಹಾಕಿದಾಗಲೆಲ್ಲ ಎದೆಗವಚಿಕೊಂಡು, ತಗ್ಗು ಬಂದಾಗಲೆಲ್ಲ ಮೇಲೆತ್ತಿ, ಬೆರಳು ನೋಯುವ ತನಕ ಸವರಿ, ಅದನ್ನು ಎಚ್ಚರವಿರುವಂತೆಯೇ ಕಮಲಾಪುರಕ್ಕೆ ತಲುಪಿಸಿದೆ! ಮೇಜಿನ ಮೇಲಿಟ್ಟೆ. ಪರದೆಯ ಮೇಲೆ ವರದಿ ಝಗಝಗಿಸುತ್ತಿತ್ತು. “ಧಣೇರ! ಬರ್ರಿ! ಜಲ್ದಿ ಬರ್ರಿ!” ಎಂದು ಹಿತ್ತಲಲ್ಲಿ ಬಾಳೆಗೊನೆ ನೋಡುತ್ತಿದ್ದ ಧಣಿಗಳನ್ನು ಕರೆಯಲು ಓಡಿದೆ.

ನಾನೂ ಧಣಿಯೂ ಬಂದಾಗ ಮೇಜಿನ ಮೇಲೆ ಬಿಸಿ ಚಹಾದ ಮೂರು ಕಪ್ಪುಗಳಿದ್ದವು. ಲ್ಯಾಪ್‌ಟಾಪ್ ಅಚ್ಚುಕಟ್ಟಾಗಿ ಮುಚ್ಚಿತ್ತು. ಅದರ ಮೇಲೆ ಒಂದು ಶುಭ್ರವಾದ ಕರವಸ್ತ್ರವೂ ಇತ್ತು.

“ತೆರದು ಬಿಟ್ಟು ಹೋಗಿದ್ರಿ ಮಾದೇವಣ್ಣ, ಧೂಳು ಬೀಳ್ತಿತ್ತು,” ಎಂದ ಇಮಾಮುದ್ದೀನ್. “ನಾನೇ ಮುಚ್ಚಿದೆ.”

ಕೊಲೆಗೆ ಈ ದೇಶದಲ್ಲಿ ಶಿಕ್ಷೆ ಇರುವುದರಿಂದ ಚಹಾ ಕುಡಿದೆ.

ಕಡೆಗೆ ಸಮಿತಿಯ ಸಭೆಯ ದಿನ ಬಂದೇ ಬಂತು. ಸದಸ್ಯರೆಲ್ಲ ಬಿಳಿ ಟೊಪ್ಪಿಗೆ, ಬಿಳಿ ಧೋತರಗಳಲ್ಲಿ ಸಾಲಾಗಿ ಕೂತರು. ನಡುವೆ ನಾನು, ಎದುರಿಗೆ ಲ್ಯಾಪ್‌ಟಾಪ್, ಕೈಯ ಮೇಲೆ ಟವೆಲ್. ಪಿನ್ ಹಾಕಿದೆ. ತಪ್ಪು. ಮತ್ತೆ ಹಾಕಿದೆ. ತಪ್ಪು. ಎ ಒಂದು ಬಿ ಎರಡು ಸಿ ಮೂರು. ಸದಸ್ಯರೊಬ್ಬರು ಎದ್ದು ಹೋಗಿ ಮಿರ್ಚಿಭಜಿ ತಿಂದು ಮರಳಿ ಬಂದು ಕೂತರು. ನಾನು ಇನ್ನೂ ಸಿ ಮೂರರಲ್ಲೇ ಇದ್ದೆ.

“ಮಾದೇವಪ್ಪಾ,” ಎಂದರು ಧಣಿ. ಅವರ ದನಿ ತಣ್ಣಗಿತ್ತು. “ಖುರ್ಚಿ ನಿನಗೇ ಕೊಡಬೇಕಂತಿದ್ದೆ. ಈ ಡಬ್ಬಿ ತೆಗೀದವನ್ನ ಕೋಟನೂರಕ್ಕ ಹ್ಯಾಂಗ ಕಳಸಲಿ?”

“ಮನ್ಯಾಗ ತೆರೀತದ ಧಣೇರ! ಶಿವನಾಣಿ ಮನ್ಯಾಗ ತೆರೀತದ!”

“ಹಂಗಾದ್ರ ಮನಿಯವರ್ನೇ ಕೇಳೂಣು,” ಎಂದ ಇಮಾಮುದ್ದೀನ್, ಪಾಪ, ನನ್ನನ್ನು ಉಳಿಸುವ ಒಳ್ಳೆಯ ಮನಸ್ಸಿನಿಂದ. ತನ್ನ ಫೋನಿನಲ್ಲಿ ನನ್ನ ಮನೆಗೆ ಕರೆ ಹಚ್ಚಿ, ಎಲ್ಲರಿಗೂ ಕೇಳುವಂತೆ ದನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟ.

ಫೋನಿನಿಂದ ಮೊದಲು ಬಂದದ್ದು ನಗು. ಇಬ್ಬರು ಹೆಂಗಸರ, ಉಸಿರು ಸಿಕ್ಕಿಕೊಳ್ಳುವಂಥ, ಹೊಟ್ಟೆ ಹಿಡಿದುಕೊಂಡ ನಗು. ಒಂದು ದನಿ ನಮ್ಮ ಮೇಲಿನ ಮನೆಯ ತಬಸ್ಸುಮ್‌ಳದು. ಇನ್ನೊಂದು ಯಾರದೆಂದು ಗುರುತು ಹತ್ತಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದು ನನ್ನ ಹೆಂಡತಿಯದು. ಆ ನಗುವನ್ನು ಕೇಳಿ ನನಗೆ ಎಷ್ಟು ಕಾಲವಾಗಿತ್ತೆಂದರೆ, ಯಾರೋ ನೆಂಟರು ಬಂದಿದ್ದಾರೆಂದುಕೊಂಡೆ.

“ಭಾಬೀ,” ಎಂದ ಇಮಾಮುದ್ದೀನ್, “ಅಣ್ಣಾವರ ಲ್ಯಾಪ್‌ಟಾಪ್ ಇಲ್ಲಿ ತೆರೀವಲ್ದು. ಮನ್ಯಾಗ ಹ್ಯಾಂಗ ತೆರೀತದ, ನೀವು ನೋಡೀರೇನು?”

ನಗು ನಿಂತಿತು. “ಭಾಯಿ, ಆ ಖುರ್ಚಿದು ಏನಾಯ್ತು? ಯಾರಿಗಿ ಅಂತ ಆಗ್ಯಾದೇನು?”

ಧಣಿಗಳೇ ಫೋನಿಗೆ ಬಾಗಿದರು. “ಇನ್ನಾ ಆಗಿಲ್ಲ ತಂಗಿ. ಇದನ್ನ ಯಾರು ತೆಗೀತಾರ, ಖುರ್ಚಿ ಅವರದು.”

“ಯಾರು ತೆಗೀತಾರ ಅವರದು. ಖರೇ ಹೌದಲ್ರೀ?”

“ಸಮಿತಿ ಮುಂದ ಹೇಳ್ಲಾಕತ್ತೀನಿ. ಖರೇ.”

ಮತ್ತೆ ಶಾರದಾಬಾಯಿಯ ದನಿ ಬಂತು, ಮಜ್ಜಿಗೆಯಷ್ಟು ತಂಪಾಗಿ:

“ಇಮಾಮುದ್ದೀನ್ ಭಾಯಿ, ಅವರ ಕೈಯಾಗಿಂದ ಅದನ್ನ ನೀವು ತಗೋರಿ. ತಗೊಂಡ್ರೇನು?”

“ತಗೊಂಡೆ ಭಾಬಿ.”

“ಈಗ ನಮ್ಮ ಖೂಬಾ ಪ್ಲಾಟಿನ ಪಿನ್ ಕೋಡ್ ಹೊಡೀರಿ,” ಎಂದು ಆ ಪರಮ ರಹಸ್ಯವನ್ನು ಸಮಿತಿಯ ಎದುರಿಗೆ ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದಳು.

“ಭಾಬೀ, ನಾವು ಕಮಲಾಪುರದಾಗ ಇದ್ದೀವಿ!”

“ಎಲ್ಲೇ ಇರ್ರಿ. ಎಟಿಎಂನಾಗ ರೊಕ್ಕ ತೆಗೀಬೇಕಾದ್ರ ಊರಿಗೊಂದು ಪಿನ್ ಹೊಡೀತೀರೇನು? ಎಲ್ಲಾ ಕಡಿ ಒಂದೇ ಅಲ್ಲಾ?”

ನಾನು ಎಟಿಎಂ ಮುಟ್ಟಿದವನಲ್ಲ. ಕಾರ್ಡು ಮೊದಲಿನಿಂದಲೂ ಅವಳ ಸೆರಗಿನ ತುದಿಯಲ್ಲಿದೆ.

ಇಮಾಮುದ್ದೀನ್ ಹೊಡೆದ. ತೆರೆಯಿತು. ಕಮಲಾಪುರದ ನಟ್ಟನಡುವೆ, ಪಶ್ಚಿಮಕ್ಕೆ ಮುಖ ಮಾಡಿಕೊಂಡು, ನಾಚಿಕೆಯಿಲ್ಲದೆ ತೆರೆಯಿತು. ನನ್ನ ವರದಿ ಹೊಳೆಯಿತು. ಸಮಿತಿಯವರು ಚಪ್ಪಾಳೆ ತಟ್ಟಿದರು. ಕೆಂಪು ಬಾಳೆಯ ಪುಟವನ್ನು ಬಹಳ ಮೆಚ್ಚಿ ಇಮಾಮುದ್ದೀನನ ಬೆನ್ನು ತಟ್ಟಿದರು.

“ಬೇಕಂತ ಮಾಡಿಲ್ಲ ಅಣ್ಣಾ, ಖುದಾ ಕಸಂ,” ಎಂದ ಅವನು ನನ್ನ ಕೈ ಹಿಡಿದು. ಅವನು ಸುಳ್ಳು ಹೇಳುವವನಲ್ಲ. ಆದರೆ ಖುರ್ಚಿ ಬೇಡವೆಂದೂ ಹೇಳಲಿಲ್ಲ.

ಸಂಜೆ ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಗುಡುಗಿದೆ.

“ನಿನಗ ಯಾವಾಗಿಂದ ಗೊತ್ತಿತ್ತು?”

“ಮೊದಲ್ನೇ ದಿನದಿಂದ.” ಶಾರದಾ ಸೊಪ್ಪು ಸೋಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಮತ್ತ ಹೇಳಬಾರದಿತ್ತೇನು?”

“ಹೇಳಿದ್ರ ಖುರ್ಚಿ ನಿಮಗೇ ಬರ್ತಿತ್ತು.”

“ಅದಕ್ಕೇ ಹೇಳಬೇಕಿತ್ತು!”

“ಅದಕ್ಕೇ ಹೇಳಲಿಲ್ಲ.”

ನಾನು ಬಾಯಿ ತೆರೆದೆ. ಅವಳು ಸೊಪ್ಪನ್ನು ಬದಿಗಿಟ್ಟಳು.

“ನೋಡ್ರಿ, ವಾರಕ್ಕೊಂದು ಭಾನುವಾರ ಬರ್ತದ. ಫ್ಯಾನ್ ಹಚ್ಚು, ಫ್ಯಾನ್ ಆರಸು. ಚಹಾ ತಾ. ಈ ಡಬ್ಬಿ ಇಲ್ಲ್ಯಾಕ ಬಂತು? ಪಲ್ಯಕ್ಕ ಉಪ್ಪು ಯಾರ ಮನಿದು? ನಾ ಒಂದು ಫೋನ್ ಎತ್ತಿದ್ರ ಯಾರು, ಯಾಕ, ಏನಂತ. ತಬಸ್ಸುಮ್ ಬಾಗಲಿಗಿ ಬಂದು ನಿಮ್ಮ ಚಪ್ಪಲಿ ನೋಡಿ ಹಂಗೇ ಮ್ಯಾಲ ಹತ್ತಿ ಹೋಗ್ತಾಳ. ಒಂದು ಭಾನುವಾರ ಹ್ಯಾಂಗೋ ತಡೀತೀನ್ರೀ. ದಿನಾ ಭಾನುವಾರ ಆದ್ರ ನಾ ಎಲ್ಲಿ ಹೋಗ್ಲಿ?”

ಕೂಗಿ ಹೇಳಿದ್ದರೆ ಕೂಗಿಯೇ ಉತ್ತರಿಸುತ್ತಿದ್ದೆ. ಆ ಅಭ್ಯಾಸ ನಮಗಿದೆ. ಅವಳು ಮೆಲ್ಲಗೆ, ನಿಜವಾಗಿಯೂ ಜಾಗ ಕೇಳುವವಳಂತೆ ಕೇಳಿದಳು. ಮನೆಯಿಂದ ಕಮಲಾಪುರಕ್ಕೆ ಇಷ್ಟು ವರ್ಷ ನಾನೊಬ್ಬನೇ ಕಷ್ಟಪಟ್ಟು ಹೋಗುತ್ತಿದ್ದೇನೆಂದು ತಿಳಿದಿದ್ದೆ. ನಾನು ಹೊರಟ ಮೇಲೆ ಈ ಮನೆಯಲ್ಲಿ ಯಾರೋ ಬದುಕಲು ಶುರುಮಾಡುತ್ತಾರೆಂಬುದು ಗೊತ್ತಿರಲಿಲ್ಲ.

ಆದರೂ ಗಂಡಸಲ್ಲವೇ, ಸೇಡು ತೀರಿಸಿಕೊಳ್ಳದೆ ಬಿಡುವುದುಂಟೇ? “ನಾಳೆ ನಾನು ರಜಾ ಹಾಕ್ತೀನಿ!” ಎಂದು ಘೋಷಿಸಿದೆ. “ಪೂರಾ ದಿನ ಮನ್ಯಾಗೇ ಕುಂಡ್ರತೀನಿ!”

“ಕುಂಡ್ರಿ,” ಎಂದಳು.

ಮರುದಿನ ರಜೆ ಹಾಕಿ ಲುಂಗಿಯಲ್ಲಿ ಕಾಲು ಚಾಚಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಶಾರದಾ ಬಿಸಿಬಿಸಿ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ತಾಟು ಮುಚ್ಚಿಟ್ಟು, ತಲೆ ಬಾಚಿಕೊಂಡು ಮೇಲಿನ ಮನೆಗೆ ಹತ್ತಿ ಹೋದಳು. ನಾನು ಉಂಡೆ. ಊಟ ನಾನು ಕನಸಿನಲ್ಲಿ ಕಂಡಂತೆಯೇ ಇತ್ತು. ಉಪ್ಪು ಕೂಡ ಸರಿಯಾಗಿತ್ತು, ತೆಗೆಯಲು ಒಂದು ತಪ್ಪೂ ಇರಲಿಲ್ಲ. ಇದ್ದಿದ್ದರೂ ಕೇಳಲು ಯಾರೂ ಇರಲಿಲ್ಲ. ಮಲಗಿದೆ. ಮೇಲಿನಿಂದ ನಗು ಬಂತು. ಕಿವಿಯ ಮೇಲೆ ದಿಂಬು ಇಟ್ಟುಕೊಂಡೆ. ಛಾವಣಿ ಗಟ್ಟಿಯದಲ್ಲ, ದಿಂಬೂ ಗಟ್ಟಿಯದಲ್ಲ. ಇನ್ನೊಂದು ನಗು ಬಂದ ಮೇಲೆ ಎದ್ದು, ಪ್ಯಾಂಟು ಹಾಕಿಕೊಂಡು, ಬಾಗಿಲು ಮುಂದೆ ಮಾಡಿ, ಬೀದರ್ ಬಸ್ಸು ಹತ್ತಿದೆ.

ಧಣಿ ಕಚೇರಿಯಲ್ಲಿ ಒಬ್ಬರೇ ಇದ್ದರು. ನನ್ನನ್ನು ನೋಡಿ ಕನ್ನಡಕ ತೆಗೆದರು.

“ಯಾಕಪಾ, ನೀ ರಜಾ ಹಾಕಿದ್ದೆಲ್ಲಾ? ಮನ್ಯಾಗ ಜಗಳೇನು?”

“ಛೇ ಛೇ, ಜಗಳಾ ಎಲ್ಲೀದು ಧಣೇರ,” ಎಂದೆ. “ಅಕಿ ಮ್ಯಾಲಿನ ಮನಿಗಿ ಹೋಗ್ಯಾಳ.”

“ಯಾಕ?”

“ನಗಲಾಕ.”

ಧಣಿ ಕನ್ನಡಕ ಹಾಕಿಕೊಂಡು ಒಂದು ಖುರ್ಚಿಯನ್ನು ನನ್ನ ಕಡೆ ಸರಿಸಿದರು. ಅವರಿಗೂ ಮದುವೆಯಾಗಿದೆ.